ಉಪಗ್ರಹದ ಚಿತ್ರಗಳಿಂದ ನೀರಾವರಿಯ ನೀರನ್ನು ಅಂದಾಜು ಮಾಡುವ ಕ್ರಮ

(ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಿಗೆ ಸಂಬಂಧಿಸಿದುದು. ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರು, ಎಲ್.ಎಜಿ., ಬರೆದುದು.)

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಒಕ್ಕಲುತನವು ಬಹುಮಟ್ಟಿಗೆ ಮಳೆಯನ್ನೇ ನಂಬಿಕೊಂಡಿರುವುದೆಂಬುದನ್ನು ವಾಚಕರು ಬಲ್ಲರು. ತೊಗರಿ, ಬಿಳಿಜೋಳ, ಕಡಲೆ, ಹತ್ತಿ, ಕುಸುಬಿ ಇವೇ ಇಲ್ಲಿಯ ಎರೆಭೂಮಿಯ ಮುಖ್ಯ ಬೆಳೆಗಳು. ಹೀಗಿದ್ದರೂ ನೀರಾವರಿಯು ಇಲ್ಲಿಗೆ ಅಪರಿಚಿತವಾದುದಲ್ಲ. ಆಳಂದ ತಾಲ್ಲೂಕಿನಲ್ಲಿ ಕೋರಳ್ಳಿಯ ಹತ್ತಿರ ಅಮರ್ಜಾ ಜಲಾಶಯವಿದೆ; ಆ ಹೊಳೆಯು ಮುಂದೆ ಹರಿದು ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಸೇರುತ್ತದೆ. ಅಫಜಲಪುರದಲ್ಲಿ ಭೀಮೆಗೆ ಅಡ್ಡಲಾಗಿ ಸೊನ್ನದ ಬ್ಯಾರೇಜು ಕಟ್ಟಲ್ಪಟ್ಟಿದೆ. ಜೇವರ್ಗಿಗೆ ಕೃಷ್ಣೆಯ ನೀರು ನಾರಾಯಣಪುರದ ಎಡದಂಡೆ ಕಾಲುವೆಯಿಂದ, ಜೇವರ್ಗಿ ಶಾಖಾ ಕಾಲುವೆಯ ಮಾರ್ಗವಾಗಿ ಬರುತ್ತದೆ. ಇವುಗಳ ಹೊರತಾಗಿ ಮೂರು ತಾಲ್ಲೂಕುಗಳಲ್ಲಿಯೂ ಹೊಳೆಯ ದಂಡೆಯ ಪಂಪುಗಳು, ತೆರೆದ ಬಾವಿಗಳು, ಬೋರುಗಳು ಹರಡಿಕೊಂಡಿವೆ. ಭೀಮೆಯ ದಂಡೆಗೂ ಆಳಂದದ ಬಾವಿಗಳ ಸುತ್ತಲೂ ಈಗ ಕಬ್ಬು ಬಂದಿದೆ.

ಈ ನೀರೆಲ್ಲವೂ ಸೇರಿ ವರ್ಷಕ್ಕೆ ಎಷ್ಟು ಖರ್ಚಾಗುತ್ತದೆಂದು ಯಾರಾದರೂ ಕೇಳಿದರೆ ನೇರವಾದ ಉತ್ತರವನ್ನು ಕೊಡುವುದು ಕಷ್ಟ. ಕಾಲುವೆಯ ತಲೆಯಲ್ಲಿ ಅಳತೆಪಟ್ಟಿ ಇರುತ್ತದೆ. ಅಲ್ಲಿಂದ ಎಷ್ಟು ನೀರು ಬಿಡಲ್ಪಟ್ಟಿತೆಂದು ಹೇಳಬಹುದು. ಆದರೆ ಆ ನೀರು ಯಾವ ಹೊಲವನ್ನು ಎಷ್ಟು ಮುಟ್ಟಿತೆಂಬುದನ್ನು ಅಳತೆಪಟ್ಟಿಯು ಹೇಳಲಾರದು. ಬೋರುಗಳ ವಿಷಯವಂತೂ ಇನ್ನೂ ಕಷ್ಟ. ೧೦ ಅಶ್ವಶಕ್ತಿಯವರೆಗಿನ ಪಂಪುಗಳಿಗೆ ವಿದ್ಯುತ್ತು ಉಚಿತವಾಗಿರುವುದರಿಂದ ಬಹುತೇಕ ಪಂಪುಗಳಿಗೆ ಮೀಟರು ಇಲ್ಲ. ಮೀಟರಿಲ್ಲದ ಕಡೆ ಕರೆಂಟಿನ ಲೆಕ್ಕದಿಂದ ನೀರಿನ ಲೆಕ್ಕಕ್ಕೆ ಹೋಗುವ ದಾರಿಯೂ ಮುಚ್ಚಿದಂತೆಯೇ. ಪಹಣಿಯಲ್ಲಿ ನೀರಾವರಿಯ ಮೂಲವನ್ನು ಬರೆಯುವ ಕಲಮು ಇದೆಯಾದರೂ, ಬತ್ತಿಹೋದ ಬಾವಿಯು ಅದರಲ್ಲಿ ಹಲವು ವರ್ಷ ಬದುಕಿಯೇ ಇರುವುದನ್ನು ನಾವೆಲ್ಲರೂ ಕಂಡಿದ್ದೇವೆ.

ಈ ಲೆಕ್ಕವು ಏಕೆ ಬೇಕು? ಭೀಮೆಯು ಹಂಚಿಕೊಂಡ ಹೊಳೆ. ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯಲ್ಲಿ ೧೯೮೦ರಲ್ಲಿ ಪೂರ್ಣವಾದ ಉಜನಿ ಅಣೆಕಟ್ಟು ನಮ್ಮ ಮೇಲುಭಾಗದಲ್ಲಿದೆ. ಚಳಿಗಾಲವು ಮುಗಿದು ಬೇಸಿಗೆಯು ಏರುತ್ತಲೇ ಅಫಜಲಪುರದಲ್ಲಿ ಹೊಳೆಯ ಮರಳು ಕಾಣತೊಡಗುತ್ತದೆ. ಉಜನಿಯಿಂದ ನೀರು ಬಿಡಿಸಬೇಕೆಂಬ ಕೂಗು ಬಹುಮಟ್ಟಿಗೆ ಪ್ರತಿ ಬೇಸಿಗೆಯಲ್ಲಿಯೂ ಏಳುತ್ತದೆ. ಅದೇ ಹೊಳೆಯು ೨೦೨೦ನೆಯ ಅಕ್ಟೋಬರಿನಲ್ಲಿ ಅಫಜಲಪುರ, ಜೇವರ್ಗಿಗಳ ದಂಡೆಯ ಹಳ್ಳಿಗಳನ್ನು ಮುಳುಗಿಸಿತು. ಕೃಷ್ಣಾ ಜಲವಿವಾದವನ್ನು ತೀರ್ಮಾನಿಸಿದ ಬಚಾವತ್ ನ್ಯಾಯಮಂಡಲಿಯು ೧೯೭೦ರ ದಶಕದಲ್ಲಿ ಕರ್ನಾಟಕವು ಭೀಮೆಯ ಮುಖ್ಯ ಪ್ರವಾಹದಿಂದ ವರ್ಷಕ್ಕೆ ೧೫ ಟಿಎಂಸಿಗಿಂತ ಹೆಚ್ಚು ನೀರನ್ನು ಬಳಸಕೂಡದೆಂದು ಮಿತಿಯನ್ನಿಟ್ಟಿತು. ಮಿತಿಯಿರುವ ಕಡೆ ಅಳತೆಯೂ ಇರಬೇಕಲ್ಲವೆ? ನಾವು ಬಳಸಿದುದೆಷ್ಟೆಂಬುದನ್ನು ನಾವೇ ಹೇಳಲಾರದಿದ್ದರೆ ನಮಗೆ ಬರತಕ್ಕುದನ್ನು ಕೇಳುವಾಗ ನಮ್ಮ ಮಾತಿಗೆ ತೂಕವಿರದು.

ಇಂತಹ ಲೆಕ್ಕಕ್ಕೆ ಈಚಿನ ದಶಕಗಳಲ್ಲಿ ಒದಗಿಬಂದ ಸಾಧನವು ಕೃತಕ ಉಪಗ್ರಹದಿಂದ ತೆಗೆದ ಭೂಮಿಯ ಚಿತ್ರ. ಅಮೆರಿಕದವರು ೧೯೭೨ರಲ್ಲಿ ಲ್ಯಾಂಡ್‌ಸ್ಯಾಟ್ ಮಾಲಿಕೆಯ ಮೊದಲನೆಯ ಉಪಗ್ರಹವನ್ನು ಹಾರಿಸಿದರು. ನಮ್ಮ ದೇಶದ ಐಆರ್‌ಎಸ್ ಮಾಲಿಕೆಯ ಮೊದಲ ದೂರಸಂವೇದಿ ಉಪಗ್ರಹವಾದ ಐಆರ್‌ಎಸ್-೧ಎ ೧೯೮೮ನೆಯ ಮಾರ್ಚ್ ತಿಂಗಳಲ್ಲಿ ಆಕಾಶಕ್ಕೇರಿತು. ಮೊದಲಿಗೆ ಈ ಚಿತ್ರಗಳನ್ನು ಬೆಲೆಕೊಟ್ಟು ಕೊಳ್ಳಬೇಕಾಗಿತ್ತು. ೨೦೦೮ರಲ್ಲಿ ಲ್ಯಾಂಡ್‌ಸ್ಯಾಟ್ ಚಿತ್ರಗಳೂ, ೨೦೧೫ರಿಂದ ಹಾರಿದ ಯುರೋಪಿನ ಸೆಂಟಿನೆಲ್-೨ ಉಪಗ್ರಹಗಳ ಚಿತ್ರಗಳೂ ಎಲ್ಲರಿಗೂ ಪುಕ್ಕಟೆಯಾಗಿ ದೊರೆಯುವಂತಾದ ಮೇಲೆ, ತಾಲ್ಲೂಕಿನ ಮಟ್ಟದ ನಮ್ಮಂತಹ ನೌಕರರಿಗೂ ಅವು ಕೈಗೆಟುಕಿದವು.

ಈ ಚಿತ್ರವು ಸಣ್ಣ ಸಣ್ಣ ಚೌಕಗಳಿಂದ ಕೂಡಿರುತ್ತದೆ. ಒಂದೊಂದು ಚೌಕಕ್ಕೆ ಒಂದೊಂದು ಅಂಕ. ಚೌಕದೊಳಗೆ ಏನೆಲ್ಲ ಇದೆಯೋ ಅದೆಲ್ಲದರ ಸರಾಸರಿಯೇ ಆ ಅಂಕ. ಸೆಂಟಿನೆಲ್-೨ರ ಒಂದು ಚೌಕವು ೧೦ ಮೀಟರು ಉದ್ದ, ೧೦ ಮೀಟರು ಅಗಲ. ಎಂದರೆ ನಮ್ಮ ಒಂದು ಗುಂಟೆಯಷ್ಟು. ಒಂದು ಎಕರೆಯ ಹೊಲಕ್ಕೆ ಸುಮಾರು ನಲವತ್ತು ಚೌಕಗಳು ಬೀಳುತ್ತವೆ. ಲ್ಯಾಂಡ್‌ಸ್ಯಾಟಿನ ಚೌಕವು ೩೦ ಮೀಟರಿನದು, ಸುಮಾರು ೯ ಗುಂಟೆ. ಬಣ್ಣವನ್ನಲ್ಲದೆ ಶಾಖವನ್ನು ಅಳೆಯುವ ಅದರ ಇನ್ನೊಂದು ಉಪಕರಣದ ಚೌಕವು ೧೦೦ ಮೀಟರಿನದಾಗಿ ಸುಮಾರು ಎರಡೂವರೆ ಎಕರೆಯನ್ನು ಒಂದೇ ಅಂಕದಲ್ಲಿ ಅಡಗಿಸುತ್ತದೆ. ಈ ಅಳತೆಗಳನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಏಕೆಂದರೆ ಹದಿನೈದು ಗುಂಟೆಯ ಕಬ್ಬಿನ ಮಡಿಯ ಶಾಖವನ್ನು ಕುರಿತು ಯಾರಾದರೂ ಖಂಡಿತವಾಗಿ ಮಾತನಾಡಿದರೆ ಅದನ್ನು ನಂಬಬೇಕಾಗಿಲ್ಲ.

ಇನ್ನು ಹಸುರನ್ನು ಗುರುತಿಸುವ ಬಗೆ. ಬಿಸಿಲಿನಲ್ಲಿ ನಮ್ಮ ಕಣ್ಣಿಗೆ ಕಾಣುವ ಬಣ್ಣಗಳಲ್ಲದೆ, ಕೆಂಪಿನಾಚೆಗೆ ಕಣ್ಣಿಗೆ ಕಾಣದ ಕಿರಣಗಳೂ ಇವೆ. ಇವನ್ನು ಅವಗೆಂಪು ಎನ್ನುತ್ತಾರೆ. ಆರೋಗ್ಯವಾದ ಎಲೆಯು ಕೆಂಪು ಬೆಳಕನ್ನು ತನ್ನ ಆಹಾರವನ್ನು ತಯಾರಿಸಿಕೊಳ್ಳಲು ನುಂಗಿಬಿಡುತ್ತದೆ. ಅವಗೆಂಪನ್ನು ಬೇಡವೆಂದು ಹಿಂದಕ್ಕೆ ಎಸೆಯುತ್ತದೆ. ಬರಿಯ ಮಣ್ಣು ಎರಡನ್ನೂ ಹೆಚ್ಚುಕಡಮೆ ಒಂದೇ ರೀತಿಯಾಗಿ ಹಿಂದಿರುಗಿಸುತ್ತದೆ. ಆದುದರಿಂದ ಅವಗೆಂಪಿನಿಂದ ಕೆಂಪನ್ನು ಕಳೆದು, ಬಂದ ಶೇಷವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಹಸುರಿನ ಒಂದು ಅಂಕವು ದೊರೆಯುತ್ತದೆ. ಉದಾಹರಣೆಗೆ ಒಳ್ಳೆಯ ಕಬ್ಬು ಬಿದ್ದ ಬೆಳಕಿನಲ್ಲಿ ಕೆಂಪನ್ನು ನೂರಕ್ಕೆ ೫ರಷ್ಟೂ, ಅವಗೆಂಪನ್ನು ನೂರಕ್ಕೆ ೪೫ರಷ್ಟೂ ಹಿಂದಿರುಗಿಸಿತೆನ್ನೋಣ. ೪೫ರಲ್ಲಿ ೫ ಕಳೆದರೆ ೪೦, ಎರಡರ ಮೊತ್ತವು ೫೦, ಭಾಗಿಸಿದರೆ ೦.೮. ಉತ್ತು ಬಿಟ್ಟ ಎರೆಹೊಲವು ಕೆಂಪನ್ನು ೧೦ರಷ್ಟು, ಅವಗೆಂಪನ್ನು ೧೩ರಷ್ಟು ಹಿಂದಿರುಗಿಸಿದರೆ ೩ನ್ನು ೨೩ರಿಂದ ಭಾಗಿಸಿ ಸುಮಾರು ೦.೧೩ ಬರುತ್ತದೆ. ಎನ್‌ಡಿವಿಐ ಎಂದು ಪತ್ರಿಕೆಗಳಲ್ಲಿ ಕಾಣುವ ಹೆಸರು ಈ ಅಂಕದ್ದೇ. ಗುಣಾಕಾರ ಭಾಗಾಕಾರಗಳನ್ನು ಬಲ್ಲ ಯಾವ ವಿದ್ಯಾರ್ಥಿಯೂ ಇದನ್ನು ಮಾಡಬಲ್ಲನು.

ಇಲ್ಲಿಯವರೆಗೆ ಎಲ್ಲವೂ ಸುಲಭವಾಗಿ ಕಾಣುತ್ತದೆ. ಹಸುರು ಇರುವಲ್ಲಿ ನೀರಿದೆ, ಹಸುರಿಲ್ಲದಲ್ಲಿ ನೀರಿಲ್ಲ ಎಂದುಕೊಂಡುಬಿಡಬಹುದು. ಕಾವೇರಿಯ ಅಥವಾ ತುಂಗಭದ್ರೆಯ ಗದ್ದೆಗಳಲ್ಲಿ ಈ ಮಾತು ಹೆಚ್ಚು ತಪ್ಪಾಗಲಾರದು. ನಮ್ಮ ಮೂರು ತಾಲ್ಲೂಕುಗಳಲ್ಲಿ ಮಾತ್ರ ಇದು ದೊಡ್ಡ ಮೋಸಕ್ಕೆ ಗುರಿಮಾಡುತ್ತದೆ. ಈ ಲೇಖಕನು ತಾನೇ ಅದಕ್ಕೆ ಗುರಿಯಾದವನಾದುದರಿಂದ ಆ ಸಂಗತಿಯನ್ನು ಇಲ್ಲಿ ಬರೆಯುವುದು ಅನುಚಿತವಾಗಲಾರದು.

ಕೆಲವು ವರ್ಷಗಳ ಹಿಂದೆ ನವೆಂಬರು ತಿಂಗಳ ಕೊನೆಯ ಒಂದು ಚಿತ್ರವನ್ನು ಮುಂದಿಟ್ಟುಕೊಂಡು, ಆಳಂದ ತಾಲ್ಲೂಕಿನ ಒಂದು ಹಳ್ಳಿಯ ಹೊಲಗಳಲ್ಲಿ ೦.೬ಕ್ಕಿಂತ ಮೇಲಾದ ಅಂಕವುಳ್ಳವನ್ನೆಲ್ಲ ನೀರಾವರಿಯೆಂದು ಗುರುತು ಹಾಕಿದೆನು. ಮಳೆ ನಿಂತು ಒಂದು ತಿಂಗಳಿಗೆ ಮೇಲಾಗಿತ್ತು. ಇಷ್ಟು ಹಸುರು ಬಾವಿಯ ನೀರಿಲ್ಲದೆ ಇರಲಾರದೆಂದು ನನ್ನ ತರ್ಕ. ಪಟ್ಟಿಯನ್ನು ಹಿಡಿದುಕೊಂಡು ಸರ್ವೆ ನಂಬರು ನೋಡುತ್ತ ಹೋದಾಗ ಮೊದಲನೆಯ ಹೊಲದ ಬದುವಿನ ಮೇಲೆ ಕುಳಿತಿದ್ದ ವೃದ್ಧ ರೈತನು ನಕ್ಕುಬಿಟ್ಟನು. "ಸಾಹೇಬ್ರ, ನಮ್ಮ ಹೊಲಕ್ಕ ಬಾವೀನೂ ಇಲ್ಲ, ಬೋರೂ ಇಲ್ಲ. ಹಸ್ತ ಮಳಿ ಛಲೋ ಬಿತ್ತು, ಎರಿ ನೀರ ಹಿಡ್ಕೊಂಡದ, ತೊಗರಿ ಕುಡ್ಯಾಕತ್ತದ" ಎಂದನು. ಅವನ ಮಾತು ನಿಜ. ಸುತ್ತಲೂ ಒಂದು ಕೊಳವೆಯಾಗಲಿ, ಒಂದು ಕಂಬವಾಗಲಿ ಇರಲಿಲ್ಲ. ಆ ಸಾಲಿನಲ್ಲಿ ನಾನು ಗುರುತು ಹಾಕಿದ್ದ ಹೊಲಗಳಲ್ಲಿ ಹೆಚ್ಚಿನವು ಮಳೆಯ ತೊಗರಿಯೇ ಆಗಿದ್ದವು.

ಕಾರಣವು ಮಣ್ಣಿನಲ್ಲಿದೆ. ಆಳವಾದ ಎರೆಭೂಮಿಯು ಒಂದು ಮೀಟರು ಆಳದಲ್ಲಿ ಬೆಳೆಗೆ ದೊರೆಯುವಂತಹ ೧೫೦ರಿಂದ ೨೦೦ ಮಿಲಿಮೀಟರಿನಷ್ಟು ನೀರನ್ನು ಹಿಡಿದಿಟ್ಟುಕೊಳ್ಳಬಲ್ಲುದು. ಉತ್ತರಿ, ಹಸ್ತ, ಚಿತ್ತಿ ಮಳೆಗಳು ಸರಿಯಾಗಿ ಬಿದ್ದರೆ ಹಿಂಗಾರಿಯ ಬಿಳಿಜೋಳವೂ ಕಡಲೆಯೂ ಈ ಸಂಗ್ರಹದ ಮೇಲೆಯೇ ಬೆಳೆದು ಕೊಯ್ಲಿಗೆ ಬರುತ್ತವೆ. ತೊಗರಿಯ ಬೇರು ಇನ್ನೂ ಆಳಕ್ಕಿಳಿಯುವುದರಿಂದ ಅದು ಡಿಸೆಂಬರಿನವರೆಗೂ ಹಸುರಾಗಿ ನಿಲ್ಲುತ್ತದೆ. ಮಣ್ಣು ತಾನೇ ಒಂದು ಕೆರೆಯಂತಿರುವ ನಾಡಿನಲ್ಲಿ ಹಸುರನ್ನು ಕಂಡು ಬಾವಿಯನ್ನು ಊಹಿಸುವುದು ಸಲ್ಲದು.

ಈ ತಪ್ಪಿನಿಂದ ರೈತನಿಗೆ ಏನು ನಷ್ಟವೆಂದು ಕೆಲವರು ಕೇಳಬಹುದು. ಬೆಳೆ ವಿಮೆಯಲ್ಲಿ ನಮ್ಮ ರಾಜ್ಯದಲ್ಲಿ ಒಂದೇ ಬೆಳೆಯನ್ನು ಮಳೆಯಾಶ್ರಿತವೆಂದೂ ನೀರಾವರಿಯೆಂದೂ ಬೇರೆ ಬೇರೆಯಾಗಿ ಅಧಿಸೂಚಿಸುವ ಪದ್ಧತಿಯಿದೆ. ಮಳೆಯಾಶ್ರಿತ ತೊಗರಿಗೆ ವಿಮೆ ಕಟ್ಟಿದ ರೈತನ ಹೊಲವು ಇನ್ನೊಂದು ದಾಖಲೆಯಲ್ಲಿ ನೀರಾವರಿಯೆಂದು ಕುಳಿತರೆ, ಬೆಳೆ ಹಾಳಾದ ವರ್ಷ ಅವನು ಕಚೇರಿಯಿಂದ ಕಚೇರಿಗೆ ತಿರುಗಬೇಕಾಗುತ್ತದೆ. ಅಂದು ಆ ವೃದ್ಧನು ನಕ್ಕು ಸುಮ್ಮನಾದನು. ಆದರೆ ಪಟ್ಟಿಯು ನನ್ನ ಮೇಜಿನಿಂದ ಮುಂದಕ್ಕೆ ಹೋಗಿದ್ದರೆ ಆ ನಗುವು ಬಹಳ ದಿನ ಉಳಿಯುತ್ತಿರಲಿಲ್ಲ. ಪಟ್ಟಿಯನ್ನು ಆ ದಿನವೇ ಹರಿದುಹಾಕಿದೆನು.

ಹಾಗಾದರೆ ನೀರಾವರಿಯನ್ನು ಹೇಗೆ ಬೇರ್ಪಡಿಸುವುದು? ಒಂದು ಚಿತ್ರದಿಂದಲ್ಲ, ಚಿತ್ರಗಳ ಸಾಲಿನಿಂದ. ಸೆಂಟಿನೆಲ್-೨ರ ಎರಡು ಉಪಗ್ರಹಗಳು ಸೇರಿ ಒಂದೇ ಹೊಲವನ್ನು ಐದು ದಿನಗಳಿಗೊಮ್ಮೆ, ಲ್ಯಾಂಡ್‌ಸ್ಯಾಟಿನ ಎಂಟನೆಯ ಮತ್ತು ಒಂಬತ್ತನೆಯ ಉಪಗ್ರಹಗಳು ಸೇರಿ ಎಂಟು ದಿನಗಳಿಗೊಮ್ಮೆ ನೋಡುತ್ತವೆ. ಜೂನಿನಿಂದ ಮೇ ತಿಂಗಳವರೆಗಿನ ಅಂಕಗಳನ್ನು ಸಾಲಾಗಿ ಬರೆದರೆ ಪ್ರತಿಯೊಂದು ಬೆಳೆಯ ಏರಿಳಿತವೂ ಕಾಣುತ್ತದೆ. ಹೆಸರು ಉದ್ದುಗಳು ಬೇಗ ಏರಿ ಬೇಗ ಇಳಿಯುತ್ತವೆ. ತೊಗರಿಯು ನಿಧಾನವಾಗಿ ಏರಿ, ಅಕ್ಟೋಬರು ನವೆಂಬರುಗಳಲ್ಲಿ ತುದಿಮುಟ್ಟಿ, ಜನವರಿಯ ಹೊತ್ತಿಗೆ ನೆಲಕ್ಕಿಳಿಯುತ್ತದೆ. ಬಿಳಿಜೋಳವು ಡಿಸೆಂಬರಿನಲ್ಲಿ ತುಂಬಿ ಫೆಬ್ರವರಿಯಲ್ಲಿ ಒಣಗುತ್ತದೆ. ಕಬ್ಬು ಮಾತ್ರ ಮಾರ್ಚಿನಲ್ಲಿಯೂ ಏಪ್ರಿಲಿನಲ್ಲಿಯೂ ಹಸುರಾಗಿಯೇ ಇರುತ್ತದೆ. ಆ ತಿಂಗಳುಗಳಲ್ಲಿ ಎರೆಯು ಬಿರುಕುಬಿಟ್ಟು ಮಲಗಿರುವಾಗ, ಹಸುರಾಗಿ ಕಾಣುವ ಪ್ರತಿಯೊಂದು ಹೊಲವೂ ಕೊಟ್ಟ ನೀರಿನಿಂದಲೇ ಬದುಕಿದುದಾಗಿರಬೇಕು. ಹಳ್ಳದ ದಂಡೆಯ ಜಾಲಿಯನ್ನೂ ಬೇವಿನ ತೋಪುಗಳನ್ನೂ ಬಿಟ್ಟರೆ ಇದಕ್ಕೆ ಅಪವಾದವು ಹೆಚ್ಚಾಗಿಲ್ಲ. ಆದುದರಿಂದ ನಮ್ಮ ಸೀಮೆಯಲ್ಲಿ ನೀರಾವರಿಯನ್ನು ಹುಡುಕುವವರು ನವೆಂಬರಿನ ಚಿತ್ರವನ್ನು ಬಿಟ್ಟು ಬೇಸಿಗೆಯ ಚಿತ್ರದಿಂದ ಆರಂಭಿಸತಕ್ಕದ್ದು. ತೊಗರಿಗೆ ಹೂವಿನ ಕಾಲದಲ್ಲಿ ಒಂದು ನೀರು, ಜೋಳಕ್ಕೆ ತೆನೆ ಬರುವಾಗ ಒಂದು ನೀರು ಎಂದು ಕೊಡುವ ರಕ್ಷಣಾ ನೀರಾವರಿಯು ಹಸುರಿನ ಅಂಕದಲ್ಲಿ ಸುಲಭವಾಗಿ ಸಿಕ್ಕಿಬೀಳುವುದಿಲ್ಲ. ಅದಕ್ಕೆ ಇನ್ನೊಂದು ಉಪಾಯವಿದೆ.

ಆ ಉಪಾಯವು ನಮ್ಮ ಹೆಂಗಸರು ಬಲ್ಲುದೇ. ಹೊಸ ಮಣ್ಣಿನ ಹೂಜಿಯಲ್ಲಿಟ್ಟ ನೀರು ಬೇಸಿಗೆಯಲ್ಲಿ ತಣ್ಣಗಿರುತ್ತದೆ; ಹೂಜಿಯ ಮೈಯಿಂದ ನೀರು ಆವಿಯಾಗಿ ಹೋಗುವಾಗ ಶಾಖವನ್ನು ಕೊಂಡೊಯ್ಯುವುದೇ ಇದಕ್ಕೆ ಕಾರಣ. ಹೊಲವೂ ಹೀಗೆಯೇ. ನೀರುಂಡ ಬೆಳೆಯು ಎಲೆಗಳ ಸೂಕ್ಷ್ಮ ರಂಧ್ರಗಳಿಂದ ಆವಿಯನ್ನು ಬಿಡುತ್ತ ತಣ್ಣಗಿರುತ್ತದೆ. ನೀರಡಿಸಿದ ಬೆಳೆಯು ರಂಧ್ರಗಳನ್ನು ಮುಚ್ಚಿಕೊಂಡು ಕಾಯುತ್ತದೆ. ಲ್ಯಾಂಡ್‌ಸ್ಯಾಟಿನ ಶಾಖಮಾಪಕವು ಬೆಳಿಗ್ಗೆ ಸುಮಾರು ಹತ್ತೂವರೆ ಗಂಟೆಗೆ ನಮ್ಮ ಮೇಲೆ ಹಾದುಹೋಗುವಾಗ ಈ ಅಂತರವನ್ನು ಅಳೆಯುತ್ತದೆ. ಎಲೆಯು ಹಳದಿಯಾಗುವುದಕ್ಕೆ ಮುಂಚೆಯೇ ಕಾವು ಏರುವುದರಿಂದ, ಶಾಖದ ಚಿತ್ರವು ಹಸುರಿನ ಚಿತ್ರಕ್ಕಿಂತ ಕೆಲವು ದಿನ ಮುಂದಾಗಿ ಸುದ್ದಿಯನ್ನು ಹೇಳಬಲ್ಲುದು.

ಶಾಖದಿಂದ ನೀರಿಗೆ ಹೋಗುವ ಲೆಕ್ಕವು ಹೀಗೆ. ಸೂರ್ಯನಿಂದ ಹೊಲಕ್ಕೆ ಬಂದ ಶಕ್ತಿಯಲ್ಲಿ ಹಿಂದಿರುಗಿಹೋದುದನ್ನು ಕಳೆದು ಉಳಿದುದು ಮೂರು ದಾರಿಗಳಲ್ಲಿ ಖರ್ಚಾಗುತ್ತದೆ. ಒಂದು ಭಾಗವು ನೆಲವನ್ನು ಕಾಯಿಸುತ್ತದೆ, ಒಂದು ಭಾಗವು ಗಾಳಿಯನ್ನು ಕಾಯಿಸುತ್ತದೆ, ಮಿಕ್ಕುದು ನೀರನ್ನು ಆವಿಮಾಡುತ್ತದೆ. ಮೊದಲಿನ ಎರಡನ್ನು ಅಂದಾಜು ಮಾಡಿ ಕಳೆದರೆ ಮೂರನೆಯದು ತಾನಾಗಿ ಸಿಕ್ಕುತ್ತದೆ. ಒಂದು ಚದರ ಮೀಟರು ಜಾಗದಲ್ಲಿ ಒಂದು ಮಿಲಿಮೀಟರು ನೀರು, ಎಂದರೆ ಒಂದು ಲೀಟರು, ಆವಿಯಾಗಲು ಸುಮಾರು ೨.೪೫ ಮೆಗಾಜೂಲು ಶಕ್ತಿ ಬೇಕು. ಒಂದು ದಿನದಲ್ಲಿ ಹೊಲಕ್ಕೆ ನಿಕ್ಕಿಯಾಗಿ ೧೫ ಮೆಗಾಜೂಲು ದಕ್ಕಿತೆಂದೂ ಅದೆಲ್ಲವೂ ನೀರಿಗೇ ಖರ್ಚಾಯಿತೆಂದೂ ಇಟ್ಟುಕೊಂಡರೆ ಸುಮಾರು ೬ ಮಿಲಿಮೀಟರು ನೀರು ಹಾರಿಹೋಗಿರುತ್ತದೆ. ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ವ್ಯವಸಾಯ ಕ್ಷೇತ್ರದ ಪೆನ್‌ಮನ್ ಎಂಬ ವಿಜ್ಞಾನಿಯು ೧೯೪೮ರಲ್ಲಿಯೇ ಬಿಸಿಲು, ಗಾಳಿ, ತೇವ ಇವುಗಳಿಂದ ಆವಿಯನ್ನು ಲೆಕ್ಕಮಾಡುವ ಸೂತ್ರವನ್ನು ಪ್ರಕಟಿಸಿದ್ದನು. ಉಪಗ್ರಹದ ಶಾಖಚಿತ್ರದಿಂದ ಚೌಕ ಚೌಕವಾಗಿ ಇದನ್ನು ಕಂಡುಹಿಡಿಯುವ ಸೆಬಾಲ್ ಎಂಬ ಕ್ರಮವನ್ನು ೧೯೯೦ರ ದಶಕದಲ್ಲಿ ನೆದರ್ಲೆಂಡಿನ ಬಾಸ್ಟಿಯಾನ್ಸೆನ್ ರೂಪಿಸಿದನು. ಇದರಲ್ಲಿ ಒಂದು ಜಾಣತನವಿದೆ. ಚಿತ್ರದಲ್ಲಿ ಅತ್ಯಂತ ಬಿಸಿಯಾದ ಒಣಹೊಲವೊಂದನ್ನೂ, ಅತ್ಯಂತ ತಂಪಾದ ನೀರುಂಡ ಹೊಲವೊಂದನ್ನೂ ಆರಿಸಿಕೊಂಡು, ಮೊದಲನೆಯದರಲ್ಲಿ ಆವಿ ಸೊನ್ನೆ, ಎರಡನೆಯದರಲ್ಲಿ ಪೂರ್ಣ ಎಂದು ಇಟ್ಟುಕೊಂಡು, ಮಿಕ್ಕ ಹೊಲಗಳನ್ನು ಇವೆರಡರ ನಡುವೆ ಕೂಡಿಸುತ್ತಾರೆ. ನಮ್ಮಲ್ಲಿ ಏಪ್ರಿಲು ತಿಂಗಳಾದರೆ ಆಳಂದದ ಉತ್ತ ಎರೆಯು ಮೊದಲನೆಯದಕ್ಕೂ, ಭೀಮೆಯ ದಂಡೆಯ ವಿಸ್ತಾರವಾದ ಕಬ್ಬು ಎರಡನೆಯದಕ್ಕೂ ಯೋಗ್ಯವಾದವು. ಈ ಎರಡು ಹೊಲಗಳನ್ನು ಆರಿಸುವುದರಲ್ಲಿ ತಪ್ಪಿದರೆ ತಾಲ್ಲೂಕಿನ ಲೆಕ್ಕವೇ ತಪ್ಪುತ್ತದೆ. ಆದುದರಿಂದ ಈ ಕೆಲಸವು ಸೀಮೆಯನ್ನು ನಡೆದು ನೋಡಿದವರ ಕೈಯಲ್ಲಿರುವುದು ಲೇಸು.

ಶಾಖದ ಚಿತ್ರವಿಲ್ಲದಾಗ ಇನ್ನೊಂದು ಸುಲಭವಾದ ದಾರಿಯಿದೆ. ಆ ದಿನದ ಹವೆಯಲ್ಲಿ ಚೆನ್ನಾಗಿ ನೀರುಂಡ ಹುಲ್ಲು ಎಷ್ಟು ನೀರನ್ನು ಆವಿಮಾಡುವುದೋ ಅದನ್ನು ಮೂಲವೆಂದು ಹಿಡಿದು, ಬೆಳೆಯ ಗುಣಕದಿಂದ ಗುಣಿಸುವುದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ೧೯೯೮ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ ತುಂಬಿ ಬೆಳೆದ ಕಬ್ಬಿಗೆ ೧.೨೫ ಎಂಬ ಗುಣಕವನ್ನು ಕೊಟ್ಟಿದೆ. ಬಿರುಬೇಸಿಗೆಯ ಒಂದು ದಿನದ ಮೂಲವನ್ನು ೬ ಮಿಲಿಮೀಟರೆಂದು ಹಿಡಿಯೋಣ, ಕಬ್ಬಿಗೆ ೭.೫ ಮಿಲಿಮೀಟರಾಯಿತು. ಮೇಲೆ ಬಿಸಿಲಿನಿಂದ ೬ ಮಾತ್ರ ಬಂದಿತ್ತಲ್ಲ ಎಂದು ವಾಚಕರು ಆಕ್ಷೇಪಿಸಬಹುದು. ಸುತ್ತಲಿನ ಬರಿಯ ಹೊಲಗಳ ಮೇಲಿಂದ ಬೀಸುವ ಬಿಸಿಗಾಳಿಯೂ ಹಸುರು ಹೊಲಕ್ಕೆ ಶಾಖವನ್ನು ತಂದು ಸುರಿಯುವುದರಿಂದ ಅಷ್ಟು ಹೆಚ್ಚಾಗುವುದು. ಒಣಭೂಮಿಯ ನಡುವೆ ಒಂಟಿಯಾಗಿರುವ ಕಬ್ಬು ಕಬ್ಬಿನ ನಡುವಿನ ಕಬ್ಬಿಗಿಂತ ಹೆಚ್ಚು ನೀರು ಕುಡಿಯುವುದೆಂದು ಹಳೆಯ ರೈತರು ಹೇಳುವುದು ಇದೇ ಅರ್ಥದಲ್ಲಿ.

ಒಂದು ಎಕರೆಯ ಮೇಲೆ ಒಂದು ಮಿಲಿಮೀಟರು ನೀರೆಂದರೆ ೪,೦೪೭ ಲೀಟರು. ೭.೫ರಿಂದ ಗುಣಿಸಿದರೆ ದಿನಕ್ಕೆ ಸುಮಾರು ೩೦,೩೫೦ ಲೀಟರು. ತಿಂಗಳಿಗೆ ಒಂಬತ್ತು ಲಕ್ಷ ಲೀಟರಿಗೆ ಮೇಲೆ. ಇದು ಬೆಳೆಯು ಕುಡಿದ ನೀರೇ ಹೊರತು ರೈತನು ಎತ್ತಿದ ನೀರಲ್ಲ. ಬೋದಿನಲ್ಲಿ ಹಾಯಿಸುವಾಗ ಎತ್ತಿದುದರಲ್ಲಿ ನೂರಕ್ಕೆ ೬೦ ಭಾಗವು ಬೇರಿಗೆ ಮುಟ್ಟಿತೆಂದು ಇಟ್ಟುಕೊಂಡರೆ, ದಿನಕ್ಕೆ ಸುಮಾರು ೫೦,೬೦೦ ಲೀಟರು ಎತ್ತಬೇಕಾಗುತ್ತದೆ.

ಇಲ್ಲಿಯೇ ಉಪಗ್ರಹದ ಲೆಕ್ಕದ ಮುಖ್ಯವಾದ ಸಂದು ಇರುವುದು, ಬಹುಜನರು ಎಡವುವುದೂ ಇಲ್ಲಿಯೇ. ಚಿತ್ರವು ಹೇಳುವುದು ಹೊಲದಿಂದ ಮೇಲಕ್ಕೆ ಹೋದ ನೀರನ್ನು. ಅದರಲ್ಲಿ ಮಳೆಯ ಪಾಲನ್ನು ಕಳೆಯಬೇಕು. ಎರೆಯು ಹಿಂದೆ ಹಿಡಿದಿಟ್ಟ ತೇವದ ಪಾಲನ್ನೂ ಕಳೆಯಬೇಕು. ಉಳಿದುದೇ ನೀರಾವರಿಯಿಂದ ಬೆಳೆಗೆ ಸಂದ ನೀರು. ಆ ಮೇಲೆ ಕಾಲುವೆಯಲ್ಲಿ ಸೋರಿದುದು, ಹೊಲದ ತುದಿಯಿಂದ ಹರಿದುಹೋದುದು, ಬೇರಿನ ಕೆಳಗೆ ಇಂಗಿದುದು ಇವನ್ನು ಕೂಡಿಸಿದರೆ ಎತ್ತಿದ ಅಥವಾ ಬಿಟ್ಟ ನೀರು ಬರುತ್ತದೆ. ಮೇಲಿನಿಂದ ನೋಡುವ ಕಣ್ಣಿಗೆ ಕೆಳಕ್ಕಿಳಿದ ನೀರು ಕಾಣುವುದಿಲ್ಲ. ಹನಿ ನೀರಾವರಿಯ ಕಬ್ಬೂ ಬೋದಿನ ಕಬ್ಬೂ ಒಂದೇ ಹಸುರಾಗಿ ಒಂದೇ ತಂಪಾಗಿದ್ದರೆ ಚಿತ್ರದಲ್ಲಿ ಎರಡೂ ಹೆಚ್ಚುಕಡಮೆ ಒಂದೇ. ಬೋರಿನ ಮೀಟರಿನಲ್ಲಿ ಮಾತ್ರ ಅವು ಒಂದೇ ಅಲ್ಲ. ಇನ್ನೊಂದು ಕಡೆಯಿಂದ ನೋಡಿದರೆ ಇಂಗಿದ ನೀರೆಲ್ಲವೂ ನಷ್ಟವೆಂದು ಹೇಳಕೂಡದು. ಅದರಲ್ಲಿ ಸ್ವಲ್ಪ ಭಾಗವು ನೆರೆಯವನ ಬಾವಿಗೆ ಮರಳಿ ಬರಬಹುದು. ಮೇಲಕ್ಕೆ ಹಾರಿಹೋದುದು ಮಾತ್ರ ಈ ಸೀಮೆಗೆ ತಿರುಗಿ ಬರುವಂತಹುದಲ್ಲ. ಹೊಳೆಯ ಹಂಚಿಕೆಯ ಲೆಕ್ಕದಲ್ಲಿ ಉಪಗ್ರಹದ ಅಂಕಕ್ಕೆ ಇಷ್ಟು ಬೆಲೆಯಿರುವುದು ಈ ಕಾರಣದಿಂದಲೇ ಎಂದು ನನ್ನ ಅಭಿಪ್ರಾಯ.

ಜೇವರ್ಗಿಯ ಕಾಲುವೆಯ ಸಂಗತಿಯು ಸ್ವಲ್ಪ ಬೇರೆ. ಕೃಷ್ಣಾ ಮೇಲ್ದಂಡೆಯ ಯೋಜನೆಯನ್ನು ಹಗುರ ನೀರಾವರಿಯ ಬೆಳೆಗಳಿಗಾಗಿ, ಹೆಚ್ಚು ಜನರಿಗೆ ಸ್ವಲ್ಪ ಸ್ವಲ್ಪ ನೀರು ಮುಟ್ಟಲೆಂಬ ಉದ್ದೇಶದಿಂದ ರಚಿಸಲಾಯಿತು. ಕಾಲುವೆಯ ತಲೆಯ ಕಡೆಯ ಹೊಲಗಳಲ್ಲಿ ಭತ್ತವು ಬಂದರೆ ಬಾಲದ ಕಡೆಯ ಹೊಲಕ್ಕೆ ನೀರು ಮುಟ್ಟದೆಂಬುದನ್ನು ಬಾಲದ ರೈತನು ಯಾವ ಉಪಗ್ರಹದ ಸಹಾಯವೂ ಇಲ್ಲದೆ ಬಲ್ಲನು. ಆದರೆ ಅವನ ಮಾತು ಸಭೆಯಲ್ಲಿ ದೂರಾಗಿಯೇ ಉಳಿಯುತ್ತದೆ. ವಿತರಣಾ ಕಾಲುವೆಯ ಉದ್ದಕ್ಕೂ ತೂಬಿನಿಂದ ತೂಬಿಗೆ ಆವಿಯ ಅಂಕವನ್ನು ಬರೆದರೆ ಅದೇ ಮಾತು ನಕ್ಷೆಯಾಗುತ್ತದೆ. ತಲೆಯಿಂದ ಬಾಲಕ್ಕೆ ಅಂಕವು ಸಮವಾಗಿದ್ದರೆ ಹಂಚಿಕೆಯು ಸರಿಯಾಗಿದೆ. ಇಳಿಯುತ್ತ ಹೋದರೆ ಎಲ್ಲಿಂದ ಇಳಿಯಿತೋ ಅಲ್ಲಿ ಹೋಗಿ ತೂಬನ್ನೂ ಕಾಲುವೆಯ ಒಡೆತವನ್ನೂ ನೋಡಬಹುದು. ನೀರು ಬಳಕೆದಾರರ ಸಂಘಗಳು ಹಂಗಾಮಿನ ಮಧ್ಯದಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಇಂತಹ ನಕ್ಷೆಯನ್ನು ಮುಂದಿಟ್ಟುಕೊಂಡು ಕುಳಿತರೆ ವಾರಬಂದಿಯ ಜಗಳಗಳಲ್ಲಿ ಅರ್ಧವಾದರೂ ಬೇಗ ತೀರಬಹುದು. ಒಂದು ಎಚ್ಚರಿಕೆಯನ್ನು ಹೇಳಬೇಕು. ಜವುಳು ಹಿಡಿದ ನೆಲವೂ ಶಾಖದ ಚಿತ್ರದಲ್ಲಿ ತಂಪಾಗಿ ಕಾಣುತ್ತದೆ. ತಂಪು ಇದ್ದು ಹಸುರಿಲ್ಲದಿದ್ದರೆ ಅದು ನೀರು ಹೆಚ್ಚಾಗಿ ಕೆಟ್ಟ ಹೊಲವಿರಬಹುದೇ ಹೊರತು ಚೆನ್ನಾಗಿ ನೀರುಂಡ ಹೊಲವಲ್ಲ.

ಈ ಕ್ರಮಕ್ಕಿರುವ ಇತರ ಅಡಚಣೆಗಳನ್ನೂ ಮುಚ್ಚಿಡಲಾಗದು. ಮುಂಗಾರಿನಲ್ಲಿ ಮೋಡವು ವಾರಗಟ್ಟಲೆ ಕವಿದಿರುವಾಗ ಬೆಳಕಿನ ಚಿತ್ರವೂ ಶಾಖದ ಚಿತ್ರವೂ ನಿರುಪಯೋಗ. ಮೋಡವನ್ನು ಭೇದಿಸಿ ನೋಡುವ ರೇಡಾರು ಉಪಗ್ರಹಗಳಿ‌ವೆ. ಯುರೋಪಿನ ಸೆಂಟಿನೆಲ್-೧ ಮಾಲಿಕೆಯು ೨೦೧೪ರಲ್ಲಿ ಆರಂಭವಾಯಿತು. ಇಸ್ರೋ ಮತ್ತು ಅಮೆರಿಕದ ನಾಸಾ ಸಂಸ್ಥೆಗಳು ಕೂಡಿ ಕಟ್ಟಿದ ನಿಸಾರ್ ಉಪಗ್ರಹವು ೨೦೨೫ನೆಯ ಜುಲೈ ೩೦ರಂದು ಶ್ರೀಹರಿಕೋಟೆಯಿಂದ ಹಾರಿತು. ರೇಡಾರಿಗೆ ಮಣ್ಣಿನ ಮೇಲ್ಪದರದ ತೇವವು ತಿಳಿಯುವುದರಿಂದ, ಮಳೆಯಿಲ್ಲದ ವಾರದಲ್ಲಿ ಒಂದು ಹೊಲವು ಮಾತ್ರ ಒದ್ದೆಯಾದರೆ ಅಲ್ಲಿ ನೀರು ಹಾಯಿಸಿದರೆಂದು ಊಹಿಸಬಹುದು. ಮೇಲೆ ಹೇಳಿದ ರಕ್ಷಣಾ ನೀರನ್ನು ಹಿಡಿಯಲು ಇದು ಸಹಾಯವಾಗಬಹುದು.

ರೋಗವೂ ಬಾಯಾರಿಕೆಯೂ ಚಿತ್ರದಲ್ಲಿ ಒಂದೇ ಮುಖವನ್ನು ತೋರುತ್ತವೆ. ೨೦೨೨ರ ಕೊನೆಯಲ್ಲಿ ನಮ್ಮ ಜಿಲ್ಲೆಯ ತೊಗರಿಯು ನೆಟೆ ರೋಗದಿಂದ ಒಣಗಿದಾಗ ಹಸುರಿನ ಅಂಕವು ಬಿದ್ದುದು ಬರದ ವರ್ಷದಲ್ಲಿ ಬೀಳುವ ಹಾಗೆಯೇ. ಬೇರು ಕಿತ್ತು ಕಾಂಡವನ್ನು ಸೀಳಿ ನೋಡುವ ಕೆಲಸವನ್ನು ಆಕಾಶದಿಂದ ಮಾಡಲಾಗುವುದಿಲ್ಲ. ಮತ್ತು ಒಂದು ದಿನದ ಲೆಕ್ಕದಲ್ಲಿ ತಪ್ಪು ಹೆಚ್ಚು. ಇಡೀ ಹಂಗಾಮಿನ ಮೊತ್ತದಲ್ಲಿ ಹೆಚ್ಚುಕಡಮೆಗಳು ಒಂದನ್ನೊಂದು ಸರಿದೂಗಿಸುವುದರಿಂದ ತಪ್ಪು ಕಡಮೆ. ಹಾಗೆಯೇ ಒಂದು ಹೊಲಕ್ಕಿಂತ ಒಂದು ಹಳ್ಳಿಗೆ, ಒಂದು ಹಳ್ಳಿಗಿಂತ ಒಂದು ತಾಲ್ಲೂಕಿಗೆ ಇದರ ಮಾತು ಹೆಚ್ಚು ನಂಬತಕ್ಕದ್ದು.

ಅನ್ಯದೇಶಗಳಲ್ಲಿ ಇದು ಪ್ರಯೋಗದ ಹಂತವನ್ನು ದಾಟಿದೆ. ಅಮೆರಿಕದ ಐಡಾಹೊ ರಾಜ್ಯದ ಜಲಸಂಪನ್ಮೂಲ ಇಲಾಖೆಯು ನೀರಿನ ಹಕ್ಕುಗಳನ್ನು ಕುರಿತ ಕೆಲಸದಲ್ಲಿ ಶಾಖಚಿತ್ರದ ಲೆಕ್ಕವನ್ನು ಬಳಸುತ್ತ ಬಂದಿದೆ. ೨೦೨೧ರಲ್ಲಿ ಆ ದೇಶದ ಪಶ್ಚಿಮ ಭಾಗದ ಹೊಲಗಳ ಆವಿಯ ಅಂಕಗಳನ್ನು ಯಾರು ಬೇಕಾದರೂ ನೋಡುವಂತೆ ಓಪನ್‌ಇಟಿ ಎಂಬ ಏರ್ಪಾಡನ್ನು ತೆರೆದರು. ನಮ್ಮಲ್ಲಿಯೂ ಉಪಗ್ರಹದ ಅಂಕವು ಸರ್ಕಾರದ ತೀರ್ಮಾನಗಳಲ್ಲಿ ಸೇರಿಯಾಗಿದೆ. ಕೇಂದ್ರ ಸರ್ಕಾರದ ೨೦೧೬ರ ಬರ ಕೈಪಿಡಿಯಂತೆ ಮಳೆಯ ಕೊರತೆಯ ಜೊತೆಗೆ ಹಸುರಿನ ಅಂಕವನ್ನೂ ನೋಡಿ ತಾಲ್ಲೂಕಿನ ಬರವನ್ನು ನಿರ್ಣಯಿಸಬೇಕಾಗುತ್ತದೆ. ೨೦೨೩ರಲ್ಲಿ ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸಾರಿದಾಗ ಈ ಅಂಕಗಳೂ ಪರಿಶೀಲನೆಯಲ್ಲಿದ್ದವು.

ಉಪಗ್ರಹದಿಂದ ನೋಡಿ ಬೋರಿನವರಿಗೆ ದಂಡ ಹಾಕುತ್ತಾರೆಂಬ ಗುಲ್ಲು ಹಳ್ಳಿಗಳಲ್ಲಿ ಆಗಾಗ ಏಳುತ್ತದೆ. ಮೇಲೆ ಹೇಳಿದುದನ್ನು ಓದಿದವರಿಗೆ ಇದು ಎಷ್ಟು ಅಸಾಧ್ಯವೆಂಬುದು ತಿಳಿದಿರಬಹುದು: ಚಿತ್ರಕ್ಕೆ ಹಸುರು ಕಾಣುತ್ತದೆ, ಕಾವು ಕಾಣುತ್ತದೆ, ಪಂಪು ಕಾಣುವುದಿಲ್ಲ. ಆ ಹಸುರಿಗೆ ನೀರು ಬಾವಿಯಿಂದ ಬಂದಿತೋ, ಹೊಳೆಯಿಂದಲೋ, ಹಸ್ತ ಮಳೆಯಿಂದಲೋ ಎಂಬುದನ್ನು ಹೊಲಕ್ಕೆ ಹೋದವನೇ ಹೇಳಬೇಕು. ಆದುದರಿಂದಲೇ ನೆಲದ ಮೇಲಿನ ಅಳತೆಗೆ ಈಗ ಹಿಂದಿಗಿಂತ ಹೆಚ್ಚು ಬೆಲೆ ಬಂದಿದೆ, ಅದನ್ನು ರೈತರು ತಾವೇ ಮಾಡಿಕೊಳ್ಳಬಹುದು.

ಅದಕ್ಕೆ ಬೇಕಾದುದು ಇನ್ನೂರು ಲೀಟರಿನ ಒಂದು ಡ್ರಮ್ಮು, ಒಂದು ಗಡಿಯಾರ. ಬೋರನ್ನು ಅರ್ಧ ಗಂಟೆ ಓಡಿಸಿದ ಮೇಲೆ ನೀರನ್ನು ಡ್ರಮ್ಮಿಗೆ ಬಿಟ್ಟು ತುಂಬಲು ಹಿಡಿದ ಕಾಲವನ್ನು ನೋಡತಕ್ಕದ್ದು. ಚಾಲು ಮಾಡಿದ ಕೂಡಲೇ ಅಳೆದರೆ ಮೊದಲಿನ ಜೋರಿಗೆ ಮರುಳಾಗಬೇಕಾಗುತ್ತದೆ. ಐವತ್ತು ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ ೪ ಲೀಟರು. ಏಳು ಗಂಟೆ ತ್ರೀ ಫೇಸ್ ಕರೆಂಟು ಸಿಕ್ಕಿದರೆ ದಿನಕ್ಕೆ ೧,೦೦,೮೦೦ ಲೀಟರು. ಎಕರೆಗೆ ೫೦,೬೦೦ ಲೀಟರು ಬೇಕೆಂದು ಮೇಲೆ ಕಂಡೆವಷ್ಟೆ. ಎಂದರೆ ಆ ಬೋರು ಏಪ್ರಿಲು ತಿಂಗಳಲ್ಲಿ ಬೋದಿನ ಎರಡು ಎಕರೆ ಕಬ್ಬನ್ನು ಸಾಕಬಲ್ಲುದು, ಮೂರನೆಯದನ್ನು ಸಾಕಲಾರದು. ಅಫಜಲಪುರ ತಾಲ್ಲೂಕಿನ ಒಬ್ಬ ರೈತನು ಇಂತಹುದೇ ಬೋರನ್ನು ನಂಬಿ ನಾಲ್ಕು ಎಕರೆ ಕಬ್ಬು ಹಾಕಿದ್ದನು. ಮೇ ತಿಂಗಳ ಚಿತ್ರದಲ್ಲಿ ಅವನ ಹೊಲವು ಬೋರಿನ ಕಡೆಗೆ ಕಡುಹಸುರಾಗಿಯೂ ಆಚೆಯ ತುದಿಗೆ ಮಸುಕಾಗಿಯೂ ಎರಡು ಹೋಳಾಗಿ ಕಾಣುತ್ತಿತ್ತು. ಚಿತ್ರವನ್ನು ತೋರಿಸಿದಾಗ ಅವನು ಬಹಳ ಹೊತ್ತು ನೋಡಿ, "ಇದನ್ನ ನಾಟಿ ಮಾಡೂಕಿಂತ ಮೊದಲ ತೋರಿಸಿದ್ರ ಛಲೋ ಇತ್ತು" ಎಂದನು. ಮುಂದಿನ ವರ್ಷ ಅವನು ಆಚೆಯ ಎರಡು ಎಕರೆಯ ಕೂಳೆಯನ್ನು ಕಿತ್ತು ತೊಗರಿ ಬಿತ್ತಿದನು.

ಈ ಅಳತೆಯನ್ನು ಮಳೆಗಾಲದ ಕೊನೆಯಲ್ಲಿ ಒಮ್ಮೆ, ಸಂಕ್ರಾಂತಿಯ ಹೊತ್ತಿಗೆ ಒಮ್ಮೆ, ಯುಗಾದಿಯ ನಂತರ ಒಮ್ಮೆ ಮಾಡಿ, ತಾರೀಖು, ಡ್ರಮ್ಮು ತುಂಬಿದ ಸೆಕೆಂಡು, ಆ ವಾರದಲ್ಲಿ ಎಷ್ಟು ಗಂಟೆ ಓಡಿಸಿದುದು, ಯಾವ ಸರ್ವೆ ನಂಬರಿನ ಎಷ್ಟು ಗುಂಟೆಗೆ ಹಾಯಿಸಿದುದು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡತಕ್ಕದ್ದು. ನೀರು ಕೊಡದ ಹೊಲವುಳ್ಳವರೂ ಕೊನೆಯ ದೊಡ್ಡ ಮಳೆ ಯಾವ ದಿನ ಬಿದ್ದಿತೆಂಬುದನ್ನು ಬರೆದಿಡುವುದು ಒಳ್ಳೆಯದು. ಬೆಳೆ ಸಮೀಕ್ಷೆಯವರು ಹೊಲಕ್ಕೆ ಬಂದಾಗ ಈ ಪುಸ್ತಕವನ್ನು ತೋರಿಸಿ, ನೀರಿನ ಮೂಲದ ಕಲಮಿನಲ್ಲಿ ಏನು ಬರೆದರೆಂಬುದನ್ನು ಅಲ್ಲಿಯೇ ಓದಿಸಿಕೊಳ್ಳಬೇಕು.